ಓಲೈಕೆಯೇ, ಖಡ್ಗವೇ? ಖವಾರಿಜರ ಎದುರು ಹಝ್ರತ್ ಅಲಿ(ರ)



ಒಂದು ಜುಮಾದ ನಂತರ ಮಸೀದಿಯ ವರಾಂಡದಲ್ಲಿ ನಮ್ಮೆದುರೇ ಇಬ್ಬರು ವಾದಕ್ಕಿಳಿದರು. ಒಬ್ಬರು ನಿವೃತ್ತ ಮಾಸ್ಟ್ರು, ಇನ್ನೊಬ್ಬ ಇಂಜಿನಿಯರಿಂಗ್ ಓದುವ ಹುಡುಗ. ಬಾಂಬ್ ಸ್ಫೋಟವೊಂದರ ಸುದ್ದಿ ಅಂದಿನ ಪತ್ರಿಕೆಯಲ್ಲಿತ್ತು. ‘ಇಂಥವರ ಜೊತೆ ಮಾತೆಂಥದ್ದು? ಕಂಡಲ್ಲೇ ಮುಗಿಸಬೇಕು’ ಎಂದರು ಮಾಸ್ಟ್ರು. ‘ಹೊಡೆದಷ್ಟೂ ಹುಟ್ಟಿಕೊಳ್ಳುತ್ತಾರೆ ಮಾಸ್ಟ್ರೇ. ಅವರು ಕೇಳಿದ್ದನ್ನು ಕೊಟ್ಟು ಸುಮ್ಮನಾಗಿಸುವುದೇ ಮೇಲು’ ಎಂದ ಹುಡುಗ. ಕೊನೆಗೆ ಇಬ್ಬರೂ ನಮ್ಮ ಕಡೆ ತಿರುಗಿ, ‘ಉಸ್ತಾದ್, ನೀವು ಹೇಳಿ’ ಎಂದರು.

ಅಂದು ನಾವು ಸರಿಯಾಗಿ ಉತ್ತರಿಸಲಿಲ್ಲ. ಮನೆಗೆ ಬಂದ ಮೇಲೆ, ಈ ಪ್ರಶ್ನೆಯನ್ನು ನಮಗಿಂತ ಎಷ್ಟೋ ದೊಡ್ಡವರು ಎದುರಿಸಿದ್ದರಲ್ಲ ಎಂದು ನೆನಪಾಯಿತು. ಮುಂದಿನ ಎರಡು ಜುಮಾಗಳಲ್ಲಿ ಆ ಇತಿಹಾಸವನ್ನೇ ಹೇಳಿದೆವು. ಅದರ ಸಾರಾಂಶ ಇಲ್ಲಿದೆ.

ಓಲೈಕೆ ಎಂಬ ಪದ ನಮ್ಮ ಕಿವಿಗೆ ಹೊಸದಲ್ಲ. ಚುನಾವಣೆ ಬಂದಾಗಲೆಲ್ಲ ಅದನ್ನು ನಮ್ಮ ಹೆಸರಿಗೆ ಅಂಟಿಸುವುದನ್ನು ಕೇಳುತ್ತಲೇ ಬೆಳೆದವರು ನಾವು. ಆದ್ದರಿಂದ ಯಾವುದು ಓಲೈಕೆ, ಯಾವುದು ಹಕ್ಕು ಎಂದು ಬಿಡಿಸಿ ನೋಡುವ ಅಗತ್ಯ ನಮಗೆ ಇತರರಿಗಿಂತ ತುಸು ಹೆಚ್ಚೇ ಇದೆ.

ಹಿಜರಿ 37, ಅಂದರೆ ಕ್ರಿ.ಶ. 657. ಹಿಂದಿನ ವರ್ಷವಷ್ಟೇ ಹಝ್ರತ್ ಉಸ್ಮಾನ್(ರ)ರವರು ಬಂಡುಕೋರರ ಕೈಯಲ್ಲಿ ಹುತಾತ್ಮರಾಗಿದ್ದರು. ಯೂಫ್ರಟಿಸ್ ದಂಡೆಯ ಸಿಫ್ಫೀನ್‌ನಲ್ಲಿ ಖಲೀಫ ಹಝ್ರತ್ ಅಲಿ(ರ)ರವರ ಸೇನೆ ಮತ್ತು ಸಿರಿಯಾದ ಗವರ್ನರ್ ಹಝ್ರತ್ ಮುಆವಿಯ(ರ)ರವರ ಸೇನೆ ಮುಖಾಮುಖಿಯಾದವು. ಸಿರಿಯಾದವರು ಈಟಿಯ ತುದಿಗೆ ಕುರ್‌ಆನ್ ಪ್ರತಿಗಳನ್ನು ಕಟ್ಟಿ ಎತ್ತಿ ಹಿಡಿದಾಗ ಯುದ್ಧ ನಿಂತು ಮಧ್ಯಸ್ಥಿಕೆ ಗೊತ್ತಾಯಿತು. ಅಲಿ(ರ)ರವರ ಕಡೆಯಿಂದ ಅಬೂ ಮೂಸಾ ಅಲ್ ಅಶ್‌ಅರೀ(ರ), ಆ ಕಡೆಯಿಂದ ಅಮ್ರ್ ಬಿನ್ ಆಸ್(ರ) ಮಧ್ಯಸ್ಥರಾದರು. ಹಿಂದಿರುಗುವ ದಾರಿಯಲ್ಲಿ ಅಲಿ(ರ)ರವರ ಸೇನೆಯಿಂದಲೇ ಸಾವಿರಾರು ಜನ ಸಿಡಿದು ಹೋದರು. ತೀರ್ಪು ನೀಡುವ ಅಧಿಕಾರ ಅಲ್ಲಾಹನಿಗೆ ಮಾತ್ರ, ಮನುಷ್ಯರನ್ನು ತೀರ್ಪುಗಾರರನ್ನಾಗಿಸಿದ ಅಲಿ ಕಾಫಿರರಾದರು ಎಂಬುದು ಅವರ ಘೋಷಣೆ. ಚೋದ್ಯವೇನೆಂದರೆ, ಮಧ್ಯಸ್ಥಿಕೆಗೆ ಒಪ್ಪಿಕೊಳ್ಳಿ ಎಂದು ಅಲಿ(ರ)ರವರ ಮೇಲೆ ಒತ್ತಡ ಹಾಕಿದವರಲ್ಲೇ ಇವರಲ್ಲಿ ಹಲವರಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಇವರೇ ಖವಾರಿಜರು, ಹೊರಹೋದವರು.

ಇವರು ನಮಾಝ್ ಬಿಟ್ಟವರಾಗಿರಲಿಲ್ಲ. ಇವರೊಡನೆ ಮಾತನಾಡಲು ಹೋದ ಅಬ್ದುಲ್ಲಾ ಬಿನ್ ಅಬ್ಬಾಸ್(ರ)ರವರು ಕಂಡದ್ದು ಸುಜೂದ್‌ನಿಂದ ಗಾಯವಾದ ಹಣೆಗಳನ್ನು, ಒಂಟೆಯ ಮೊಣಕಾಲಿನಂತೆ ಒರಟಾದ ಅಂಗೈಗಳನ್ನು, ರಾತ್ರಿ ನಿದ್ದೆಗೆಟ್ಟು ಬಿಳಿಚಿದ ಮುಖಗಳನ್ನು. ಮನೆಯಲ್ಲಿ ಮಗ ತಹಜ್ಜುದ್‌ಗೆ ಎದ್ದರೆ ಸಂತೋಷಪಡುವ ತಂದೆ ತಾಯಂದಿರು ನಾವು. ಆ ಮಗ ಯಾರ ಮಾತು ಕೇಳುತ್ತಿದ್ದಾನೆ, ಯಾರನ್ನು ಕಾಫಿರ್ ಎನ್ನಲು ಶುರುಮಾಡಿದ್ದಾನೆ ಎಂದು ವಿಚಾರಿಸುವುದೂ ನಮ್ಮದೇ ಕೆಲಸ.

ಇಬ್ನ್ ಅಬ್ಬಾಸ್(ರ)ರವರು ನಡುಮಧ್ಯಾಹ್ನ, ಯಮನ್‌ನ ಒಳ್ಳೆಯ ಬಟ್ಟೆ ತೊಟ್ಟು ಹೋದರು. ಮೊದಲ ಆಕ್ಷೇಪ ಬಂದದ್ದೇ ಆ ಬಟ್ಟೆಯ ಮೇಲೆ! ಪ್ರವಾದಿ(ಸ)ರು ಇದಕ್ಕಿಂತ ಚೆಂದದ ಉಡುಪು ಧರಿಸಿದ್ದನ್ನು ಕಂಡಿದ್ದೇನೆ ಎಂದು ಅವರು ಉತ್ತರಿಸಿದರು. ಆಮೇಲೆ ನಿಮ್ಮ ದೂರೇನು ಎಂದು ಕೇಳಿದರು. ದೂರು ಮೂರು. ಅಲ್ಲಾಹನ ವಿಷಯದಲ್ಲಿ ಮನುಷ್ಯರನ್ನು ತೀರ್ಪುಗಾರರನ್ನಾಗಿ ಮಾಡಿದರು. ಜಮಲ್ ಯುದ್ಧದಲ್ಲಿ ಹೋರಾಡಿಯೂ ಎದುರಾಳಿಗಳನ್ನು ಸೆರೆಹಿಡಿಯಲಿಲ್ಲ, ಅವರ ಸೊತ್ತು ವಶಪಡಿಸಿಕೊಳ್ಳಲಿಲ್ಲ. ಒಪ್ಪಂದ ಪತ್ರದಲ್ಲಿ ತನ್ನ ಹೆಸರಿನ ಮುಂದಿದ್ದ ಅಮೀರುಲ್ ಮುಅ್‌ಮಿನೀನ್ ಎಂಬ ಪದವಿಯನ್ನು ಅಳಿಸಿದರು.

ಮೊದಲನೆಯದಕ್ಕೆ ಇಬ್ನ್ ಅಬ್ಬಾಸ್(ರ)ರವರು ಕುರ್‌ಆನನ್ನೇ ಮುಂದಿಟ್ಟರು. ಗಂಡ ಹೆಂಡಿರ ಜಗಳಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಸೂರಃ ಅನ್ನಿಸಾದ 35ನೇ ವಚನ ಹೇಳುತ್ತದೆ. ಇಹ್ರಾಮ್‌ನಲ್ಲಿ ಬೇಟೆಯಾಡಿದ ಪ್ರಾಣಿಯ ಪರಿಹಾರವನ್ನು ಇಬ್ಬರು ನ್ಯಾಯವಂತರು ನಿರ್ಧರಿಸಲಿ ಎಂದು ಸೂರಃ ಅಲ್ ಮಾಇದಃದ 95ನೇ ವಚನ ಹೇಳುತ್ತದೆ. ಒಂದು ಮೊಲದ ವಿಷಯದಲ್ಲಿ ಮನುಷ್ಯರ ತೀರ್ಪು ನಡೆಯುವುದಾದರೆ ಸಾವಿರಾರು ಜನರ ಪ್ರಾಣದ ವಿಷಯದಲ್ಲಿ ಏಕೆ ನಡೆಯಬಾರದು? ಎರಡನೆಯದಕ್ಕೆ, ವಿಶ್ವಾಸಿಗಳ ಮಾತೆ ಆಯಿಶಾ(ರ)ರವರನ್ನು ನೀವು ಸೆರೆಯಾಳಾಗಿ ಹಂಚಿಕೊಳ್ಳುತ್ತಿದ್ದಿರಾ ಎಂದು ಕೇಳಿದರು. ಮೂರನೆಯದಕ್ಕೆ ಹುದೈಬಿಯಾವನ್ನು ನೆನಪಿಸಿದರು. ಅಲ್ಲಿ ಸ್ವತಃ ಪ್ರವಾದಿ(ಸ)ರೇ ಒಪ್ಪಂದದಿಂದ ರಸೂಲುಲ್ಲಾಹ್ ಎಂಬ ಪದವನ್ನು ಅಳಿಸಿದ್ದರಲ್ಲವೇ? ಒಂದು ವರದಿಯ ಪ್ರಕಾರ ಅಲ್ಲಿದ್ದ ಆರು ಸಾವಿರ ಜನರಲ್ಲಿ ಎರಡು ಸಾವಿರ ಮಂದಿ ಆ ದಿನ ಮರಳಿ ಬಂದರು. ಬೇರೆ ಗ್ರಂಥಗಳಲ್ಲಿ ಸಂಖ್ಯೆ ಬೇರೆ. ಮರಳಿದವರು ಸಾವಿರಗಟ್ಟಲೆ ಎಂದು ಈ ವರದಿಗಳು ಹೇಳುತ್ತವೆ.

ಹುಡುಗನ ಮಾತಿಗೆ ಇಲ್ಲೊಂದು ಉತ್ತರವಿದೆ. ಇಬ್ನ್ ಅಬ್ಬಾಸ್(ರ)ರವರು ಮಾತನಾಡಿದರು, ಆದರೆ ಏನನ್ನೂ ಬಿಟ್ಟುಕೊಡಲಿಲ್ಲ. ಖವಾರಿಜರು ಕೇಳಿದ್ದೇನು? ಅಲಿ(ರ)ರವರು ತಾನು ಕಾಫಿರನಾಗಿದ್ದೆನೆಂದು ಒಪ್ಪಿ ತೌಬಾ ಮಾಡಬೇಕೆಂದು. ನಾಲ್ಕು ಜನರನ್ನು ಸಮಾಧಾನಪಡಿಸಲು ಅಲಿ(ರ)ರವರು ಆ ಮಾತನ್ನು ಒಂದು ಸಲವೂ ಆಡಲಿಲ್ಲ. ಆಡಿದ್ದರೆ ಅದು ಓಲೈಕೆಯಾಗುತ್ತಿತ್ತು.

ಉಳಿದವರು ಕೂಫಾದ ಮಸೀದಿಯಲ್ಲೇ ಖುತ್ಬಾದ ನಡುವೆ ಎದ್ದು ಘೋಷಣೆ ಕೂಗತೊಡಗಿದರು. ಇಂದು ಯಾರಾದರೂ ನಮ್ಮ ಖುತ್ಬಾದ ನಡುವೆ ಎದ್ದು ಕೂಗಿದರೆ ಕಮಿಟಿಯವರು ಎಷ್ಟು ಹೊತ್ತು ಸುಮ್ಮನಿದ್ದಾರು? ಅಲಿ(ರ)ರವರು ಮಿಂಬರ್ ಮೇಲಿಂದಲೇ ಅವರಿಗೆ ಮೂರು ಮಾತು ಕೊಟ್ಟರು. ಅಲ್ಲಾಹನ ಮಸೀದಿಗಳಿಂದ ನಿಮ್ಮನ್ನು ತಡೆಯುವುದಿಲ್ಲ, ನಮ್ಮೊಂದಿಗಿರುವಷ್ಟು ಕಾಲ ಖಜಾನೆಯಿಂದ ನಿಮಗೆ ಬರಬೇಕಾದ ಪಾಲನ್ನು ನಿಲ್ಲಿಸುವುದಿಲ್ಲ, ನೀವಾಗಿ ಶುರುಮಾಡದ ಹೊರತು ನಿಮ್ಮ ಮೇಲೆ ಯುದ್ಧ ಮಾಡುವುದಿಲ್ಲ. ಆಡಳಿತಗಾರನನ್ನು ಮುಖದ ಮುಂದೆಯೇ ಕಾಫಿರ್ ಎನ್ನುವವರಿಗೂ ಅವರ ಪಾಲು ಸಂದಾಯವಾಗುತ್ತಿತ್ತು. ಅದು ಉಡುಗೊರೆಯಾಗಿರಲಿಲ್ಲ, ಅವರ ಹಕ್ಕಾಗಿತ್ತು. ಮದ್ರಸದಲ್ಲಿ ಬಂಡುಕೋರರ ಕುರಿತಾದ ಫಿಕ್ಹ್ ಅಧ್ಯಾಯವನ್ನು ನಾವು ಬಾಯಿಪಾಠ ಮಾಡಿದ್ದು ಪರೀಕ್ಷೆಗಾಗಿ. ಅದರ ಹೆಚ್ಚಿನ ನಿಯಮಗಳು ಅಲಿ(ರ)ರವರ ಇಂಥ ನಡೆಯಿಂದಲೇ ಬಂದವು ಎಂದು ಅರ್ಥವಾದದ್ದು ಆಮೇಲೆ, ಬಿ.ಎ.ಗಾಗಿ ಇತಿಹಾಸ ಓದುವಾಗ.

ನಂತರ ಖವಾರಿಜರು ಒಬ್ಬೊಬ್ಬರಾಗಿ ಕೂಫಾದಿಂದ ಜಾರಿಕೊಂಡು, ಇಂದಿನ ಬಗ್ದಾದ್ ಸಮೀಪದ ನಹ್ರವಾನ್ ಕಾಲುವೆಯ ಬಳಿ ಸೇರಿದರು. ಅಬ್ದುಲ್ಲಾ ಬಿನ್ ವಹ್ಬ್ ಅರ್ರಾಸಿಬೀ ಅವರ ಮುಖ್ಯಸ್ಥನಾದ. ದಾರಿಹೋಕರನ್ನು ತಡೆದು ವಿಶ್ವಾಸದ ಪರೀಕ್ಷೆ ನಡೆಸುವುದು ಶುರುವಾಯಿತು. ಹೀಗೆ ಸಿಕ್ಕವರು ಸಹಾಬಿ ಖಬ್ಬಾಬ್(ರ)ರವರ ಮಗ ಅಬ್ದುಲ್ಲಾ, ಜೊತೆಗೆ ಅವರ ತುಂಬು ಗರ್ಭಿಣಿ ಮಡದಿ. ಆಗ ನಡೆದದ್ದನ್ನು ತಬರಿಯವರು ವಿವರವಾಗಿ ಬರೆದಿದ್ದಾರೆ. ಮರದಿಂದ ಬಿದ್ದಿದ್ದ ಖರ್ಜೂರವೊಂದನ್ನು ಖಾರಿಜಿಯೊಬ್ಬ ಬಾಯಿಗೆ ಹಾಕಿಕೊಂಡ. ಬೆಲೆ ಕೊಡದೆ ತಿನ್ನುತ್ತೀಯಾ ಎಂದು ಇನ್ನೊಬ್ಬ ಗದರಿದಾಗ ಉಗಿದುಬಿಟ್ಟ. ಮತ್ತೊಬ್ಬ ಮುಸ್ಲಿಮೇತರ ಪ್ರಜೆಯೊಬ್ಬರ ಹಂದಿಯನ್ನು ಕೊಂದಾಗ, ಒಡೆಯನನ್ನು ಹುಡುಕಿ ಸಮಾಧಾನಪಡಿಸಿದರು. ಇಷ್ಟೆಲ್ಲ ಮಾಡಿದ ಅದೇ ಕೈಗಳು ಅಬ್ದುಲ್ಲಾರವರನ್ನು ನೀರಿನ ಅಂಚಿನಲ್ಲಿ ಮಲಗಿಸಿ ಕತ್ತು ಕೊಯ್ದವು, ಅವರ ಮಡದಿಯ ಹೊಟ್ಟೆಯನ್ನು ಸೀಳಿದವು. ಖರ್ಜೂರದ ಬೆಲೆ ಗೊತ್ತಿತ್ತು, ಹುಟ್ಟಲಿದ್ದ ಮಗುವಿನದು ಗೊತ್ತಿರಲಿಲ್ಲ. ಈ ಭಾಗವನ್ನು ಖುತ್ಬಾದಲ್ಲಿ ಹೇಳುವಾಗ ನಮ್ಮ ಗಂಟಲು ಕಟ್ಟಿತು.

ವಿಚಾರಣೆಗೆಂದು ಅಲಿ(ರ)ರವರು ಕಳುಹಿಸಿದ ದೂತನನ್ನೂ ಕೊಂದರು. ಅಲ್ಲಿಗೆ ಲೆಕ್ಕ ಬದಲಾಯಿತು. ಕೊಲೆಗಾರರನ್ನು ಒಪ್ಪಿಸಿ, ಉಳಿದವರನ್ನು ಬಿಟ್ಟುಬಿಡುತ್ತೇವೆ ಎಂದು ಅಲಿ(ರ)ರವರು ಹೇಳಿಕಳುಹಿಸಿದರು. ನಾವೆಲ್ಲರೂ ಕೊಂದವರೇ ಎಂಬ ಉತ್ತರ ಬಂತು. ಸೇನೆ ಎದುರು ನಿಂತ ಮೇಲೂ ಬಾಗಿಲು ಮುಚ್ಚಲಿಲ್ಲ. ಹಿಜ್ರಾದ ನಂತರ ಮದೀನಾದಲ್ಲಿ ಪ್ರವಾದಿ(ಸ)ರಿಗೆ ತನ್ನ ಮನೆಯಲ್ಲಿ ಜಾಗ ಕೊಟ್ಟಿದ್ದ ಅಬೂ ಅಯ್ಯೂಬ್ ಅಲ್ ಅನ್ಸಾರೀ(ರ)ರವರ ಕೈಗೆ ಅಭಯದ ಧ್ವಜ ಕೊಟ್ಟು ನಿಲ್ಲಿಸಿದರು. ಈ ಧ್ವಜದ ಕೆಳಗೆ ಬಂದವರಿಗೂ, ಕೂಫಾಕ್ಕೋ ಮದಾಇನ್‌ಗೋ ಮರಳಿದವರಿಗೂ ಅಭಯ. ಫರ್ವಾ ಬಿನ್ ನೌಫಲ್ ಐನೂರು ಜನರೊಂದಿಗೆ ದೂರ ಸರಿದ. ಇನ್ನೂ ಹಲವರು ಹೊರಟರು. ನಾಲ್ಕು ಸಾವಿರದಲ್ಲಿ ಉಳಿದದ್ದು ಎರಡು ಸಾವಿರದ ಎಂಟುನೂರರಷ್ಟು. ಹಿಜರಿ 38ರಲ್ಲಿ ನಡೆದ ಆ ಯುದ್ಧದಲ್ಲಿ ಅವರು ಹೆಚ್ಚುಕಡಿಮೆ ನಿರ್ನಾಮವಾದರು. ಗಾಯಗೊಂಡು ಉಳಿದಿದ್ದ ನಾನೂರು ಜನರನ್ನು ಶುಶ್ರೂಷೆಗಾಗಿ ಅವರವರ ಬಂಧುಗಳಿಗೇ ಒಪ್ಪಿಸಲಾಯಿತು.

ಮಾಸ್ಟ್ರು ಕೇಳುವ ಬಲಪ್ರಯೋಗವೂ ಇಲ್ಲಿದೆ, ಅರೆಮನಸ್ಸಿನದಲ್ಲ. ಆದರೆ ಅದು ಇಳಿದದ್ದು ರಕ್ತ ಹರಿಸಿದವರ ಮೇಲೆ. ಘೋಷಣೆ ಕೂಗಿದವರ ಮೇಲಲ್ಲ, ಅವರಂತೆಯೇ ಗಡ್ಡ ಬಿಟ್ಟವರ ಮೇಲಲ್ಲ, ಅವರ ಊರಿನವರ ಮೇಲಲ್ಲ. ಇವರು ಮುಶ್ರಿಕರೇ ಎಂದು ಜನ ಕೇಳಿದಾಗ, ಶಿರ್ಕ್‌ನಿಂದ ಓಡಿಹೋದವರು ಇವರು ಎಂದರು ಅಲಿ(ರ). ಮುನಾಫಿಕರೇ ಎಂದಾಗ, ಮುನಾಫಿಕರು ಅಲ್ಲಾಹನನ್ನು ಅಷ್ಟಾಗಿ ಸ್ಮರಿಸುವವರಲ್ಲ ಎಂದರು. ಮತ್ತೆ ಯಾರು? ನಮ್ಮ ಮೇಲೆ ಬಂಡೆದ್ದ ನಮ್ಮ ಸಹೋದರರು. ತಮ್ಮನ್ನು ಕಾಫಿರ್ ಎಂದವರನ್ನು ಅವರು ತಿರುಗಿ ಕಾಫಿರ್ ಎನ್ನಲಿಲ್ಲ.

ಅದರಿಂದೇನಾಯಿತು ಉಸ್ತಾದ್, ಅವರನ್ನೇ ಕೊಂದರಲ್ಲ ಎಂದು ನೀವು ಕೇಳಬಹುದು. ನಿಜ. ಹಿಜರಿ 40ರ ರಮಝಾನ್‌ನಲ್ಲಿ ಕೂಫಾದ ಮಸೀದಿಯಲ್ಲಿ ಇಬ್ನ್ ಮುಲ್ಜಮ್ ಎಂಬ ಖಾರಿಜಿ ವಿಷ ಸವರಿದ ಖಡ್ಗದಿಂದ ಅವರ ತಲೆಗೆ ಹೊಡೆದ. ಅವನನ್ನು ಈ ಕೆಲಸಕ್ಕೆ ಹುರಿದುಂಬಿಸಿದ ಕತಾಮ್ ಎಂಬ ಹೆಣ್ಣು ನಹ್ರವಾನ್‌ನಲ್ಲಿ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡವಳು, ಅಲಿ(ರ)ರವರ ಪ್ರಾಣವನ್ನೇ ಮಹ್ರ್ ಆಗಿ ಕೇಳಿದವಳು ಎಂದು ತಬರಿಯವರು ಬರೆಯುತ್ತಾರೆ. ನ್ಯಾಯದ ಯುದ್ಧವೂ ಹಿಂದೆ ಅನಾಥರನ್ನು ಬಿಟ್ಟೇ ಹೋಗುತ್ತದೆ. ಹೊಡೆದಷ್ಟೂ ಹುಟ್ಟುತ್ತಾರೆ ಎಂಬ ಹುಡುಗನ ಮಾತನ್ನು ನಾವು ಪೂರ್ತಿ ತಳ್ಳಿಹಾಕದಿರುವುದು ಇದಕ್ಕೇ. ಇನ್ನು ಅಲಿ(ರ)ರವರು ಮರಣಶಯ್ಯೆಯಲ್ಲಿ ಹೇಳಿದ್ದೇನು? ಸೆರೆಯಾಳಿಗೆ ಒಳ್ಳೆಯ ಊಟ ಕೊಡಿ, ನಾನು ಬದುಕಿದರೆ ನಾನೇ ನಿರ್ಧರಿಸುತ್ತೇನೆ, ಸತ್ತರೆ ಒಂದು ಏಟಿಗೆ ಒಂದೇ ಏಟು. ಅಮೀರರನ್ನು ಕೊಂದರೆಂದು ಹೇಳಿಕೊಂಡು ಮುಸ್ಲಿಮರ ರಕ್ತದಲ್ಲಿ ಈಜಬೇಡಿ ಎಂದೂ ಮನೆಯವರಿಗೆ ತಾಕೀತು ಮಾಡಿದರು.

ಬರೀ ಬಲವನ್ನೇ ನಂಬಿದವರ ಕಥೆಯೂ ಇದೆ. ಹಜ್ಜಾಜ್ ಬಿನ್ ಯೂಸುಫ್ 694ರಿಂದ 714ರವರೆಗೆ ಇರಾಕನ್ನು ಆಳಿದವನು. ವಿರೋಧಿಗಳ ಹೆಂಗಸರು ಮಕ್ಕಳನ್ನೂ ಕೊಲ್ಲಬಹುದೆಂದಿದ್ದ ಅಝಾರಿಕರೆಂಬ ಖಾರಿಜಿ ಪಂಗಡವನ್ನು ಅವನ ಕಾಲದಲ್ಲಿ ಸೇನಾಪತಿ ಮುಹಲ್ಲಬ್ ವರ್ಷಗಳ ಯುದ್ಧದಿಂದ ಮುರಿದ. ಅದು ಆಗಲೇಬೇಕಿದ್ದ ಕೆಲಸ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಜ್ಜಾಜನ ಖಡ್ಗಕ್ಕೆ ಖಾರಿಜಿ ಯಾರು, ದೂರು ಹೇಳುವ ಸಾಮಾನ್ಯ ಪ್ರಜೆ ಯಾರು ಎಂಬ ಭೇದವಿರಲಿಲ್ಲ. ತಾಬಿಈ ವಿದ್ವಾಂಸ ಸಈದ್ ಬಿನ್ ಜುಬೈರ್‌ರವರೂ ಅದಕ್ಕೆ ಬಲಿಯಾದರು. ಶಬೀಬ್ ಎಂಬ ಖಾರಿಜಿ ಕೆಲವೇ ನೂರು ಸವಾರರೊಂದಿಗೆ ಅವನ ಸೇನೆಗಳನ್ನು ಒಂದರ ಮೇಲೊಂದರಂತೆ ಸೋಲಿಸಿ ಕೂಫಾದೊಳಗೇ ನುಗ್ಗಿದ. ಕೊನೆಗೆ ಹಜ್ಜಾಜ್ ಸಿರಿಯಾದಿಂದ ಸೈನಿಕರನ್ನು ತರಿಸಬೇಕಾಯಿತು. ತನ್ನ ಆಡಳಿತಗಾರನಿಗೇ ಹೆದರುವ ಜನ ಅವನಿಗಾಗಿ ಮನಸಾರೆ ಹೋರಾಡುವರೇ? ಹಜ್ಜಾಜ್ ಸತ್ತು ಮೂವತ್ತು ವರ್ಷಗಳಾದ ಮೇಲೂ ಖಾರಿಜಿ ದಂಗೆಗಳು ಇರಾಕನ್ನು ನಡುಗಿಸುತ್ತಿದ್ದವು.

ಇವೆರಡರ ನಡುವೆ ಬಂದವರು ಉಮರ್ ಬಿನ್ ಅಬ್ದುಲ್ ಅಝೀಝ್. ಅವರು ಆಳಿದ್ದು 717ರಿಂದ 720ರವರೆಗೆ, ಮೂರು ವರ್ಷವೂ ತುಂಬಲಿಲ್ಲ. ಹಿಜರಿ 100ರಲ್ಲಿ ಶೌದಬ್ ಎಂದು ಕರೆಯಲ್ಪಡುತ್ತಿದ್ದ ಬಿಸ್ತಾಮ್, ಎಂಬತ್ತು ಜನರೊಂದಿಗೆ ಇರಾಕಿನಲ್ಲಿ ಬಂಡೆದ್ದ. ಅವರು ರಕ್ತ ಹರಿಸುವ ತನಕ, ನಾಡಿನಲ್ಲಿ ಕ್ಷೋಭೆ ಎಬ್ಬಿಸುವ ತನಕ ಅವರನ್ನು ಮುಟ್ಟಬೇಡ, ಆದರೆ ಗಟ್ಟಿ ಮನುಷ್ಯನೊಬ್ಬನ ಕೈಗೆ ಸೇನೆ ಕೊಟ್ಟು ಹತ್ತಿರವೇ ನಿಲ್ಲಿಸು ಎಂದು ಖಲೀಫರು ಕೂಫಾದ ಗವರ್ನರನಿಗೆ ಬರೆದರು. ಎರಡು ಸಾವಿರ ಸೈನಿಕರು ಹೋಗಿ ಅಲುಗಾಡದೆ ನಿಂತರು. ಬಿಸ್ತಾಮ್‌ಗೆ ಇನ್ನೊಂದು ಪತ್ರ ಹೋಯಿತು. ನೀನು ಅಲ್ಲಾಹನಿಗಾಗಿ ಸಿಟ್ಟಾಗಿ ಹೊರಟಿದ್ದರೆ ಆ ಸಿಟ್ಟಿನ ಹಕ್ಕು ನನಗಿಂತ ನಿನಗೆ ಹೆಚ್ಚಿಲ್ಲ. ಬಾ, ಚರ್ಚಿಸೋಣ, ಸತ್ಯ ನಿನ್ನ ಕಡೆಯಿದ್ದರೆ ನಾವು ನಮ್ಮ ವಿಷಯ ಯೋಚಿಸುತ್ತೇವೆ ಎಂಬುದು ಅದರ ತಾತ್ಪರ್ಯ.

ಬಿಸ್ತಾಮ್ ಇಬ್ಬರನ್ನು ಕಳುಹಿಸಿದ. ಅವರು ಕೇಳಿದ್ದರಲ್ಲಿ ಒಂದು ಪ್ರಶ್ನೆ ಖಲೀಫರನ್ನು ಕಟ್ಟಿಹಾಕಿತು. ನೀವು ನ್ಯಾಯವಂತರು, ಸರಿ. ನಿಮ್ಮ ನಂತರ ಯಝೀದ್ ಬಿನ್ ಅಬ್ದುಲ್ ಮಲಿಕ್ ಬರುವನಲ್ಲ, ಅದು ನ್ಯಾಯವೇ? ಅವನನ್ನು ನೇಮಿಸಿದ್ದು ನಾನಲ್ಲ, ನನಗಿಂತ ಹಿಂದಿನವರು ಎಂದರು ಉಮರ್. ಅನರ್ಹನ ಕೈಗೆ ಅಮಾನತ್ತನ್ನು ಹೋಗಗೊಟ್ಟರೆ ನಿಮ್ಮ ಹೊಣೆ ತೀರುತ್ತದೆಯೇ ಎಂದು ಅವರು ಮತ್ತೆ ಕೇಳಿದರು. ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯಗಳಲ್ಲೊಂದರ ಒಡೆಯ, ಬಂಡುಕೋರರ ಇಬ್ಬರು ದೂತರೆದುರು ಉತ್ತರಕ್ಕೆ ಮೂರು ದಿನ ಕಾಲಾವಕಾಶ ಕೇಳಿದರು. ಯಝೀದನನ್ನು ಎಲ್ಲಿ ಇಳಿಸಿಬಿಡುತ್ತಾರೋ ಎಂದು ರಾಜಮನೆತನದವರು ಹೆದರಿ ವಿಷವಿಟ್ಟರೆಂಬ ವರದಿಯಿದೆ. ಅದೇನೇ ಇರಲಿ, ಉಮರ್ ತೀರಿಕೊಂಡರು.

ಹೊಸ ಖಲೀಫ ಯಝೀದನ ಮೆಚ್ಚುಗೆ ಗಳಿಸಲು ಹೊರಟ ಗವರ್ನರ್ ತಕ್ಷಣ ದಾಳಿಗೆ ಆದೇಶಿಸಿದ. ದೂತರಿನ್ನೂ ಮರಳಿರಲಿಲ್ಲ, ಸಾವಿನ ಸುದ್ದಿ ಬಿಸ್ತಾಮ್‌ಗೆ ತಲುಪಿರಲಿಲ್ಲ. ಇಷ್ಟು ದಿನ ಸುಮ್ಮನಿದ್ದ ಸೈನಿಕರು ಆಯುಧ ಎತ್ತಿದ್ದನ್ನು ಕಂಡೇ ಖವಾರಿಜರು, ಆ ಒಳ್ಳೆಯ ಮನುಷ್ಯ ಸತ್ತಿರಬೇಕು ಎಂದು ಊಹಿಸಿದರಂತೆ. ಆ ಸೇನೆ ಸೋತಿತು. ಅದರ ಹಿಂದೆ ಬಂದವೂ ಸೋತವು. ಕೊನೆಗೆ ಹತ್ತು ಸಾವಿರ ಸೈನಿಕರು ಬಂದು ಬಿಸ್ತಾಮ್‌ನನ್ನೂ ಜೊತೆಗಾರರನ್ನೂ ಮುಗಿಸಿದರು.

ಎರಡನೇ ಜುಮಾದ ನಂತರ ಮಾಸ್ಟ್ರೂ ಹುಡುಗನೂ ಮತ್ತೆ ವರಾಂಡದಲ್ಲಿ ಸಿಕ್ಕರು. ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಎರಡು ಸಾವಿರ ಸೈನಿಕರು ಬರೀ ನಿಂತೇ ಇದ್ದರಾ ಉಸ್ತಾದ್, ಅಷ್ಟು ದಿನ?’ ಎಂದು ಕೇಳಿದರು. ಹೌದು, ನಿಂತೇ ಇದ್ದರು ಎಂದೆವು. ‘ಆಯುಧ ಹಿಡಿದುಕೊಂಡೇ ತಾನೇ?’ ಎಂದ ಹುಡುಗ. ಅದಕ್ಕೂ ಹೌದು ಎಂದೆವು.