ಸುಣ್ಣದಕಲ್ಲಿನ ಕಣ, ಗಡ್ಡೆಯ ಆಮ್ಲ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳಿಂದ ಚಿಂಚೋಳಿಯ ಕಡೆಗೆ ಹಬ್ಬಿರುವ ಭೀಮಾ ಶಿಲಾಸಮೂಹದ ಸುಣ್ಣದಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಆ ಭಾಗದ ಸುಲೇಪೇಟದ ಮನೆಯಲ್ಲಿ ಇದೇ ಕಲ್ಲಿನ ಪರ್ಸಿ ನೆಲದ ಮೇಲೆ ನಿಂಬೆರಸ ಚೆಲ್ಲಿ ಒಣಗಿದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಆಮ್ಲ ತಾಗಿ ಕಲ್ಲು ತುಸು ಕರಗಿದೆ, ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಿದೆ. ಕ್ಯಾನ್ಸರ್ ಗಡ್ಡೆಯನ್ನು ಕಾಣಲು, ಅಲ್ಲಿಗೇ ಔಷಧಿ ಬಿಡಲು ಹೂಡಿರುವ ಒಂದು ಉಪಾಯದ ರಸಾಯನವೂ ಇದೇ.

ರಕ್ತದ ಪಿಎಚ್ ಸುಮಾರು 7.4. ಅನೇಕ ಗಡ್ಡೆಗಳಲ್ಲಿ ಕೋಶಗಳ ಹೊರಗಿನ ದ್ರವದ ಪಿಎಚ್ 6.5–6.9ರ ಮಟ್ಟಕ್ಕೆ ಇಳಿದಿರುತ್ತದೆ, ಕೋಶಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಹೊರಹಾಕುವುದು ಮುಖ್ಯ ಕಾರಣ. ಅಂಕಿಯಲ್ಲಿ ಇದು ಅಲ್ಪ. ಆದರೆ 0.7ರಷ್ಟು ಇಳಿಕೆಯೆಂದರೆ ಹೈಡ್ರೋಜನ್ ಅಯಾನುಗಳು ಐದು ಪಟ್ಟು.

2015ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ‘ಎಸಿಎಸ್ ನ್ಯಾನೊ’ ಪತ್ರಿಕೆಯಲ್ಲಿ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ತುಂಬಿದ ಕ್ಯಾಲ್ಸಿಯಂ ಕಾರ್ಬೋನೇಟ್ ನ್ಯಾನೊಕಣಗಳನ್ನು ವರ್ಣಿಸಿದರು. ಆಮ್ಲ ತಾಗಿದಾಗ ಏಳುವ ಅನಿಲದ ಗುಳ್ಳೆಗಳು ಅಲ್ಟ್ರಾಸೌಂಡ್ ತರಂಗವನ್ನು ಬಲವಾಗಿ ಮರಳಿಸುತ್ತವೆ. ಜೊತೆಗೇ ಔಷಧಿ ಬಿಡುಗಡೆಯಾಗುತ್ತದೆ. ತಾಲ್ಲೂಕು ಊರುಗಳಲ್ಲಿ ಎಂಆರ್‌ಐಗಿಂತ ಸುಲಭವಾಗಿ ಸಿಗುವುದು ಅಲ್ಟ್ರಾಸೌಂಡ್ ಯಂತ್ರವಾದ್ದರಿಂದ ಈ ದಾರಿ ನನಗೆ ಗಮನಾರ್ಹವೆನಿಸುತ್ತದೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರಕ್ಕೆ ಹೋಗುವ ರೋಗಿಗೆ ಇದರಿಂದ ಇಂದೇ ಏನೂ ದಕ್ಕದು, ಫಲಿತಾಂಶಗಳು ಇಲಿಗಳವು.

ಕರಗುವ ಕಣವೇ ಏಕೆ? ಸುಮಾರು 5.5 ನ್ಯಾನೊಮೀಟರಿಗಿಂತ ದೊಡ್ಡ ಗಟ್ಟಿ ಕಣಗಳು ಮೂತ್ರಪಿಂಡದ ಮೂಲಕ ಸುಲಭವಾಗಿ ಹೊರಹೋಗವೆಂದು 2007ರ ಪ್ರಯೋಗವೊಂದು ತೋರಿಸಿತು. ಅವು ಯಕೃತ್ತು, ಗುಲ್ಮಗಳಲ್ಲಿ ಸೇರಿಕೊಳ್ಳುತ್ತವೆ. ಕ್ಯಾಲ್ಸಿಯಂ ಕಾರ್ಬೋನೇಟ್ ಬಿಟ್ಟುಹೋಗುವ ಕ್ಯಾಲ್ಸಿಯಮ್ಮೋ, ವಯಸ್ಕರ ದೇಹದಲ್ಲಿ ಮೊದಲೇ ಇರುವ ಸುಮಾರು ಒಂದು ಕಿಲೋದ ಮುಂದೆ ಲೆಕ್ಕಕ್ಕಿಲ್ಲ. (ಗಣಿಯ ಕಲ್ಲನ್ನೇ ಅರೆದು ಬಳಸುವಂತಿಲ್ಲ, ಅದರಲ್ಲಿ ಸಿಲಿಕಾ, ಜೇಡಿ ಬೆರೆತಿರುತ್ತವೆ. ಕಣಗಳನ್ನು ಶುದ್ಧ ಲವಣಗಳ ದ್ರಾವಣದಿಂದ ಒತ್ತರಿಸಿ ಪಡೆಯುತ್ತಾರೆ.)

ಕರಗಿತೆಂದ ಮಾತ್ರಕ್ಕೆ ಗುರಿ ಮುಟ್ಟಿತೆಂದಲ್ಲ. ಅದುವರೆಗಿನ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ, ಚುಚ್ಚಿದ ನ್ಯಾನೊಕಣಗಳ ಪೈಕಿ ಗಡ್ಡೆ ಸೇರಿದ್ದರ ಮಧ್ಯಾಂಕ ಶೇಕಡಾ 0.7. ಇನ್ನೊಂದು ತೊಡಕಿನ ಬಗ್ಗೆ ಚರ್ಚೆ ಕಡಿಮೆ: ಕಣ ಬರುವುದು ರಕ್ತನಾಳದಿಂದ, ಆಮ್ಲ ಹೆಚ್ಚಿರುವುದು ನಾಳದಿಂದ ದೂರದಲ್ಲಿ. ನಾಳದ ಪಕ್ಕದಲ್ಲೇ ನಿಂತುಬಿಟ್ಟ ಕಣ ಕರಗುವುದು ನಿಧಾನ. ಹೀಗಾಗಿ ಚಿತ್ರದಲ್ಲಿ ಗುಳ್ಳೆ ಎಷ್ಟು ಹೊಳೆಯಿತೆಂಬುದರ ಜೊತೆಗೆ, ಗಡ್ಡೆಯೊಳಗೆ ಕಣ ನಾಳದಿಂದ ಎಷ್ಟು ದೂರ ಸಾಗಿತ್ತೆಂಬುದನ್ನೂ ಅಳೆದು ವರದಿ ಮಾಡಬೇಕು.