ತಾತನ ತಕರಾರು ಅರ್ಜಿ

ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗಿದ್ದೆ. ತಿಂಗಳು ಮುಗಿಯೋದರೊಳಗೆ ಮನೆ ಕಂದಾಯ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ, ಹಾಗಾಗಿ ಅಮ್ಮನಿಗೆ ಅವಸರ. ಹಳೇ ರಸೀದಿ ಹುಡುಕೋಣ ಅಂತ ಟ್ರಂಕ್ ತೆಗೆದರೆ ತಳದಲ್ಲಿ ತಾತನ ಕೈಬರಹದ ಕಾಗದವೊಂದು ಸಿಕ್ಕಿತು. 1981ರದ್ದು. ಕಂದಾಯ ಏರಿಸಿದ್ದಕ್ಕೆ ಬರೆದ ತಕರಾರು ಅರ್ಜಿಯ ಕರಡು. ರಸೀದಿ ಮರೆತು ಅದನ್ನೇ ಓದುತ್ತಾ ಕೂತೆ.

ಮನೆಗೆ ತೆರಿಗೆ ಹೊಸದೇನಲ್ಲ. ನಮ್ಮ ಹಳೇ ಶಾಸನಗಳಲ್ಲಿ ಮನೆದೆರೆ, ಮಗ್ಗದೆರೆ, ಗಾಣದೆರೆ ಎಲ್ಲಾ ಬರುತ್ತವೆ. ತೆರಿಗೆ ಬಿಡಿಸಿಕೊಂಡವರೂ ಇದ್ದಾರೆ. 16ನೇ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಕಾಲದಲ್ಲಿ, ಕ್ಷೌರಿಕ ಕೊಂಡೋಜ ರಾಮರಾಯನ ಮೆಚ್ಚುಗೆ ಗಳಿಸಿ ತನ್ನ ಕಸುಬಿನವರ ತೆರಿಗೆಯನ್ನೇ ಮಾಫಿ ಮಾಡಿಸಿದ. ಅದಕ್ಕೆ ಶಾಸನಗಳೇ ಸಾಕ್ಷಿ. ನಮ್ಮ ತಾತ ಹೈಸ್ಕೂಲ್ ಮೇಷ್ಟ್ರು, ಕ್ಷೌರ ಬರುತ್ತಿರಲಿಲ್ಲ. ಅರ್ಜಿ ಬರೆದರು :)

ಅವರ ತಕರಾರು ಅರ್ಥವಾಗಬೇಕಾದರೆ ಆಗಿನ ಲೆಕ್ಕ ಗೊತ್ತಿರಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ನ್ಯಾಯವಾಗಿ ಎಷ್ಟು ಬರಬಹುದು ಅನ್ನೋದರ ಮೇಲೆ ಕಂದಾಯ. ನೀವೇ ಆ ಮನೆಯಲ್ಲಿದ್ದರೂ ಅಷ್ಟೇ, ಒಬ್ಬ ಬಾಡಿಗೆದಾರನನ್ನು ಊಹಿಸಿಕೊಳ್ಳಬೇಕು. ಈ ಊಹೆಯ ಬಾಡಿಗೆದಾರ ಇಂಗ್ಲೆಂಡಿನಿಂದ ಬಂದವನು. ಅಲ್ಲಿನ 1836ರ ಕಾಯ್ದೆಯೊಂದು ಅವನನ್ನು ಲೆಕ್ಕಕ್ಕೆ ತಂದಿತು, ಬ್ರಿಟಿಷರ ಜೊತೆ ನಮ್ಮ ಪುರಸಭೆ ಕಾನೂನುಗಳಿಗೂ ಬಂದ.

ತಾತನ ಮನೆಯಲ್ಲಿ ನಿಜವಾದ ಬಾಡಿಗೆದಾರರೂ ಇದ್ದರು. ಮುಂದಿನ ಭಾಗದಲ್ಲಿ ಒಂದು ಸಂಸಾರ, ತಿಂಗಳಿಗೆ 60 ರೂಪಾಯಿ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದದ್ದರಿಂದ ಮನಸ್ಸಿಗೆ ಬಂದಂತೆ ಏರಿಸೋ ಹಾಗಿರಲಿಲ್ಲ. ಆದರೆ ಹೊಸ ಕಂದಾಯ ಹಾಕಿದ್ದು ಪಕ್ಕದ ಬೀದಿಯ ಹೊಸ ಮನೆಗಳ ಬಾಡಿಗೆ ನೋಡಿ. "ಒಂದು ಕಾನೂನು ಹೆಚ್ಚು ವಸೂಲು ಮಾಡಬೇಡ ಎನ್ನುತ್ತದೆ. ಇನ್ನೊಂದು, ವಸೂಲು ಮಾಡಿದ್ದೀಯೆ ಎಂದು ಭಾವಿಸಿ ತೆರಿಗೆ ಕಟ್ಟು ಎನ್ನುತ್ತದೆ" ಅಂತ ಬರೆದಿದ್ದಾರೆ. ಮೇಷ್ಟ್ರು ಅಂದ್ರೆ ಹಾಗೆ!

ಅವರ ಕೈಯಲ್ಲಿದ್ದ ಅಸ್ತ್ರ 1979ರ ಸುಪ್ರೀಂ ಕೋರ್ಟ್ ತೀರ್ಪು. ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣ. ಬಾಡಿಗೆ ಕಾಯ್ದೆಯ ಪ್ರಕಾರ ಎಷ್ಟು ಬಾಡಿಗೆ ನ್ಯಾಯವೋ ಅದನ್ನು ಮೀರಿ ಮನೆಯ ವಾರ್ಷಿಕ ಮೌಲ್ಯ ಕಟ್ಟುವಂತಿಲ್ಲ ಅಂತ ಕೋರ್ಟು ಹೇಳಿತ್ತು. ವಕೀಲ ಸ್ನೇಹಿತರೊಬ್ಬರು ತಾತನಿಗೆ ಇದನ್ನು ತಿಳಿಸಿದ್ದರಂತೆ. ವಿಚಾರಣೆಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು, ಎದುರಿಗಿದ್ದವರು ಸಮಾಧಾನವಾಗಿ ಕೇಳಿಸಿಕೊಂಡರು, ಕಂದಾಯ ಇಳಿಯಿತು. ಇದು ಅಮ್ಮ ಹೇಳಿದ್ದು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೇ ಕಥೆ. ಆದರೆ ತಾತನ ಹಾಗೆ ಎಲ್ಲರೂ ಗೆದ್ದರೆ ಊರಿನ ಗತಿಯೇನು? ಮೈಸೂರಿನ ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳ ಹಿಂದೆ 1903ರ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಇದೆ. ಪ್ಲೇಗ್ ಬಂದು ಹೋದ ಮೇಲೆ ಹುಟ್ಟಿದ್ದು ಅದು. ಚರಂಡಿ ಕಟ್ಟಿಸಿದರೆ ಸಾಲದು, ವರ್ಷಾವರ್ಷ ಚೊಕ್ಕಟ ಮಾಡಿಸಬೇಕು. ಬಾಡಿಗೆ ಹೆಪ್ಪುಗಟ್ಟಿದ ಕಡೆಯೆಲ್ಲಾ ಕಂದಾಯವೂ ಹೆಪ್ಪುಗಟ್ಟಿತು, ಖರ್ಚು ಮಾತ್ರ ಏರುತ್ತಲೇ ಹೋಯಿತು. ಬಾಡಿಗೆ ಲೆಕ್ಕವನ್ನೇ ಕೈಬಿಡೋದಕ್ಕೆ ಇದೂ ಒಂದು ಕಾರಣ. 2000ದಲ್ಲಿ ಬೆಂಗಳೂರಿಗೆ ಸ್ವಯಂ ಘೋಷಣೆ ಬಂತು. ಅದರ ಹಿಂದೆಯೇ ರಾಜ್ಯದ ಇತರ ನಗರಗಳು ಬಂಡವಾಳ ಮೌಲ್ಯಕ್ಕೆ ಹೊರಳಿದವು. ಅಂದರೆ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ಹಿಡಿದು, ಮನೆಯ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಲೆಕ್ಕ ನಾವೇ ಹಾಕೋದು.

ಹೀಗೆ ನಾನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ಕಳೆದ ವರ್ಷ ನಾನೇ ಹಿತ್ತಲ ಬಚ್ಚಲುಮನೆಯನ್ನು ಎರಡು ಸಲ ಕೂಡಿಸಿದ್ದೆ ಅಂತ ಆಗ ಗೊತ್ತಾಯಿತು. ತಾತನಿಗೆ ತಕರಾರು ಹೇಳೋಕೆ ಎದುರಿಗೊಬ್ಬರು ಇದ್ದರು. ನನ್ನ ತಕರಾರು ಯಾರ ಮೇಲೆ, ನನ್ನ ಮೇಲೆಯೇ?

ಅಳತೆಯ ತಪ್ಪು ತಿದ್ದಬಹುದು. ಬೆಲೆಯ ಮಾತು ಬೇರೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಮಾರ್ಗಸೂಚಿ ಬೆಲೆ ಏರಿತು. ಅಮ್ಮನ ಆದಾಯ ಅಪ್ಪನ ಕುಟುಂಬ ಪಿಂಚಣಿಯೊಂದೇ. "ಮನೆ ಬೆಲೆ ಕೋಟಿ ದಾಟಿದೆಯಂತೆ" ಅಂದೆ. "ಮಾರಿದವರಿಗೆ ಕಣೋ, ನನಗೇನು?" ಅಂದರು. ತಾತನ ಅರ್ಜಿಯಲ್ಲಿದ್ದದ್ದೂ ಇದೇ ಮಾತಲ್ಲವೇ? ಅಂದು ಬಾರದ ಬಾಡಿಗೆಯ ಮೇಲೆ ಲೆಕ್ಕ, ಇಂದು ಮಾರದ ಮನೆಯ ಬೆಲೆಯ ಮೇಲೆ.

ತಕರಾರಿನ ಬಾಗಿಲು ಮುಚ್ಚಿಲ್ಲ, ಜಾಗ ಬದಲಾಗಿದೆ ಅಷ್ಟೇ. ಮಾರ್ಗಸೂಚಿ ಬೆಲೆ ಪರಿಷ್ಕರಿಸುವಾಗ ಮೊದಲು ಕರಡು ಪಟ್ಟಿ ಹೊರಡಿಸಿ ಆಕ್ಷೇಪಣೆ ಕೇಳುತ್ತಾರೆ. ಅರ್ಜಿ ಹಾಕಬೇಕಾದ್ದು ಆಗ. ಆದರೆ ತಾತನಿಗೆ ಬಂದಂತೆ ಮನೆ ಬಾಗಿಲಿಗೆ ನೋಟಿಸ್ ಬರೋದಿಲ್ಲ, ನಾವೇ ಕಣ್ಣಿಟ್ಟು ನೋಡುತ್ತಿರಬೇಕು. 2023ರಲ್ಲಿ ನಾನು ನೋಡಿರಲಿಲ್ಲ.

ಕಂದಾಯ ಕಟ್ಟಿ ಬಂದೆ, ರಿಯಾಯಿತಿಯೂ ಸಿಕ್ಕಿತು. ತಾತನ ಕಾಗದ ಈಗ ಟ್ರಂಕಿನಲ್ಲಿಲ್ಲ, ನನ್ನ ಮೇಜಿನ ಮೇಲಿದೆ. ಮುಂದಿನ ಕರಡು ಪಟ್ಟಿ ಬಂದಾಗ ಅದನ್ನೇ ನೋಡಿಕೊಂಡು ಬರೆಯಬೇಕು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಇದೆಯಾ? ಇದ್ದರೆ ಹೇಳಿ.