ಬೇಲಿಗೆಂದು ತಂದ ಲಂಟಾನ

ಸಿಂದಗಿ ಕಡೆಯವರಾದ ನಮಗೆ ಪರದೇಶಿ ಗಿಡ ಅಂದರೆ ಮೊದಲು ನೆನಪಾಗುವುದು ಬಳ್ಳಾರಿ ಜಾಲಿ. ಹಳ್ಳದ ದಂಡೆ, ಬೀಳು ಹೊಲ, ಎಲ್ಲೆಂದರಲ್ಲಿ ಅದೇ. ಚಾಮರಾಜನಗರದ ಕಾಡಂಚಿನಲ್ಲಿ ಇದೇ ಮಾತೆತ್ತಿದರೆ ಲಂಟಾನ ಅನ್ನುತ್ತಾರೆ. ಜಾಲಿ ಬಂದದ್ದು ಉರುವಲಿನ ನೆಪದಲ್ಲಿ. ಲಂಟಾನ ಬಂದದ್ದು ಚೆಂದಕ್ಕೆ.

ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಹೂ. ಆಮೇಲೆ ಮಣಿಯಂತೆ ಹೊಳೆಯುವ ಕಪ್ಪು ಹಣ್ಣು. ಅಮೆರಿಕದ ಉಷ್ಣವಲಯದ ಈ ಪೊದೆಯನ್ನು ಯುರೋಪಿನ ತೋಟಗಾರರು ತಳಿ ಬೆರೆಸಿ ಇನ್ನಷ್ಟು ಬಣ್ಣದ್ದಾಗಿಸಿದರು. 19ನೇ ಶತಮಾನದ ಮೊದಲ ದಶಕದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನ ಸೇರಿತು, ಅಲ್ಲಿಂದ ತೋಟದ ಬೇಲಿಗಳಿಗೆ. ದನ ಬಾಯಿ ಹಾಕುವುದಿಲ್ಲ, ಹಾಕಿದರೆ ಅದರ ಪಿತ್ತಜನಕಾಂಗ ಕೆಡುತ್ತದೆ. ಬೇಲಿಗೆ ಇನ್ನೇನು ಬೇಕು? ಆದರೆ ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. 1921ರ ಹೊತ್ತಿಗಾಗಲೇ ಇದರ ಬೀಜ ತಿನ್ನುವ ನೊಣವನ್ನು ಹವಾಯಿಯಿಂದ ತರಿಸಿ ಬಿಡಬೇಕಾಯಿತು. ಗಿಡ ಜಗ್ಗಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಕಥೆ ಇನ್ನೂ ಹತ್ತಿರದ್ದು. ಅಲ್ಲಿನ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಒಣ ಎಲೆಗಳಿಗೆ ಸಣ್ಣಗೆ ಕಿಚ್ಚು ಇಡುತ್ತಿದ್ದರು. ಅದನ್ನು ತರಗು ಬೆಂಕಿ ಅನ್ನುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಅಪರಾಧವಾಯಿತು. ಎಳೆಯ ಲಂಟಾನವನ್ನು ಸುಡುತ್ತಿದ್ದ ಆ ಬೆಂಕಿ ನಿಂತ ಮೇಲೆಯೇ ಪೊದೆ ಕಾಡು ತುಂಬಿತು ಎಂಬುದು ಸೋಲಿಗರ ವಾದ. 1997 ಮತ್ತು 2008ರಲ್ಲಿ ಸಂಶೋಧಕರು ಇಲ್ಲಿ ಅಳೆದು ನೋಡಿದಾಗ ಲಂಟಾನ ಇರುವ ಜಾಗ ಸುಮಾರು ದುಪ್ಪಟ್ಟಾಗಿತ್ತು. ಬೆಂಕಿಯಿಂದ ಲಂಟಾನ ಮತ್ತೆ ಚಿಗುರುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಆದರೆ ಕಡು ಬೇಸಿಗೆಯ ಕಾಳ್ಗಿಚ್ಚು ಬೇರೆ, ತರಗು ಬೆಂಕಿ ಬೇರೆ. ಈ ವ್ಯತ್ಯಾಸವನ್ನು ನಿಷೇಧ ಬರೆದವರು ನೋಡಲಿಲ್ಲ ಎಂದೇ ನಮ್ಮ ಅನಿಸಿಕೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಜೇನು, ನೆಲ್ಲಿಕಾಯಿ ತರುವ ಹಕ್ಕು ಕಾಗದದ ಮೇಲೆ ಬಂತು. ತರಗು ಬೆಂಕಿ ಮಾತ್ರ ಬರಲಿಲ್ಲ.

ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಬಿದಿರು ಸಿಗುವುದು ಕಷ್ಟವಾದ ಮೇಲೆ ಕೆಲವು ಕುಟುಂಬಗಳು ಲಂಟಾನದ ಕಡ್ಡಿ ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯಲು ಕಲಿತಿವೆ. ಎಷ್ಟು ಕಡಿದರೂ ತೀರದ ಕಚ್ಚಾವಸ್ತು.